ಕೊನೆ ಭಾಗದವರಿಗೂ ಪುಟ ತೆರೆಯಬೇಕು

ಭದ್ರಾ ನಾಲೆಯ ಕೊನೆ ಭಾಗದಲ್ಲಿ ಹುಟ್ಟಿದವನಿಗೆ ಕಂಪ್ಯೂಟರ್ ನೆಟ್‌ವರ್ಕಿಂಗ್ ಪಾಠ ಕಷ್ಟವಲ್ಲ. ಮೇಲಿನವರು ತೂಬು ಎತ್ತಿಕೊಂಡು ಕುಳಿತರೆ ಕೆಳಗಿನ ಗದ್ದೆ ಬಿರುಕು ಬಿಡುತ್ತದೆ ಎಂಬುದನ್ನು ನಮಗೆ ಯಾರೂ ಹಲಗೆಯ ಮೇಲೆ ಬರೆದು ತೋರಿಸಬೇಕಿಲ್ಲ.

ಆದರೂ ಐವತ್ತು ದಾಟಿದ ಮೇಲೆ ದಾವಣಗೆರೆಯಲ್ಲಿ ಸಂಜೆ ತರಗತಿಗೆ ಸೇರಿದೆ. ನಮ್ಮ ಮನೆಯ ಅಕ್ಕಿ ಮಾರಲು ಒಂದು ವೆಬ್ ಪುಟ ಮಾಡುವ ಆಸೆ. ಮೇಷ್ಟ್ರು ಜಾರುವ ಚಿತ್ರ, ಹಾರುವ ಅಕ್ಷರಗಳಿಗೆ ಎರಡು ವಾರ ಕೊಟ್ಟರು. ಜಾಲದ ಒಳಗಿನ ಕೆಲಸಕ್ಕೆ ಒಂದೇ ಸಂಜೆ. ನನಗೆ ಹಿಡಿಸಿದ್ದು ಆ ಒಂದು ಸಂಜೆ.

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ನಡುವಿನ ದೂರ ಕೇವಲ 400 ಗಜ! ತಂತಿ ಕಡಿದಿರಲಿಲ್ಲ. ಜಾಲದಲ್ಲಿ ಮಾಹಿತಿ ಸಾಗುವುದು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ. ತಲುಪದ ಪ್ಯಾಕೆಟ್‌ಗಳನ್ನು ಕಂಪ್ಯೂಟರ್‌ಗಳು ಮತ್ತೆ ಮತ್ತೆ ಕಳಿಸುತ್ತ ದಾರಿಯನ್ನೇ ಕಟ್ಟಿಬಿಟ್ಟಿದ್ದವು. ವ್ಯಾನ್ ಜೇಕಬ್‌ಸನ್ ಎಂಬುವವರು 1988ರಲ್ಲಿ ಇದಕ್ಕೆ ಪರಿಹಾರ ಪ್ರಕಟಿಸಿದರು. ಪ್ಯಾಕೆಟ್ ಕಳೆದುಹೋಯಿತೇ? ದಾರಿ ತುಂಬಿದೆ ಎಂದು ತಿಳಿದು ಕಳಿಸುವವನೇ ವೇಗ ತಗ್ಗಿಸಬೇಕು, ಆಮೇಲೆ ಮೆಲ್ಲಗೆ ಏರಿಸಬೇಕು. ತೂಬಿನ ಬಳಿ ಇಂಜಿನಿಯರ್ ಇಲ್ಲ, ಪೊಲೀಸ್ ಪಹರೆ ಇಲ್ಲ. ಅದರ ನಂತರ ಸೂತ್ರಗಳು ಎಷ್ಟೋ ಬದಲಾಗಿವೆ, ಆದರೆ ಜಗತ್ತಿನ ಜಾಲ ಇಂದಿಗೂ ಬಹುಪಾಲು ಈ ಮರ್ಯಾದೆಯ ಮೇಲೆಯೇ ನಡೆಯುತ್ತಿದೆ. ನಮ್ಮ ನಾಲೆಯ ಮೇಲ್ಭಾಗದವರಿಗೆ ಇದನ್ನು ಯಾರಾದರೂ ಹೇಳಿಯಾರೇ ಎಂದು ನಗು ಬಂತು.

ನಗು ಹೆಚ್ಚು ದಿನ ಉಳಿಯಲಿಲ್ಲ. ಪುಟ ಸಿದ್ಧವಾಯಿತು ಎಂದು ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ಬಿಳಿ ಪರದೆ ಬಿಟ್ಟು ಏನೂ ಕಾಣುತ್ತಿಲ್ಲ" ಎಂದ. ನೋಡಿದರೆ, ತಲೆಬರಹದ ಕೆಳಗೆ ನಾನು ಹಾಕಿದ್ದ ಭತ್ತದ ತೆನೆಯ ಫೋಟೋ ಒಂದೇ 6 ಎಂಬಿ. ಸೆಕೆಂಡಿಗೆ 200 ಕಿಲೋಬಿಟ್ ಬರುವ ಕಡೆ ಅದು ಇಳಿಯಲು ನಾಲ್ಕು ನಿಮಿಷ ಬೇಕು. ಪ್ಯಾಕೆಟ್‌ಗಳು ಪಾಪ, ತಮ್ಮ ಮರ್ಯಾದೆಯಲ್ಲೇ ಸಾಗುತ್ತಿದ್ದವು. ತೂಬು ಎತ್ತಿಕೊಂಡು ಕುಳಿತವನು ನಾನು.

1993ರ ಏಪ್ರಿಲ್ 30ರಂದು ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ ಅಲ್ಲಿ ಮಾಡಿದ ಮೊದಲ ಪುಟದಲ್ಲಿ ಇದ್ದದ್ದು ಅಕ್ಷರ, ಕೊಂಡಿ, ಅಷ್ಟೇ. ಅಕ್ಕಿಯ ಬೆಲೆ ತಿಳಿಸಲು ಅದಕ್ಕಿಂತ ಹೆಚ್ಚಿನದು ಏಕೆ ಬೇಕು? ಪುಟ ಕಟ್ಟಲು ಕಲಿಸುವವರು ಮೊದಲ ದಿನವೇ ವಿದ್ಯಾರ್ಥಿಯ ಕೈಗೆ ಹಳೆಯ ಮೊಬೈಲ್ ಕೊಟ್ಟು, ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ಕಳಿಸಬೇಕು ಎನ್ನುವುದು ನನ್ನ ಹಟ.

ಜಾರುವ ಚಿತ್ರಗಳನ್ನೆಲ್ಲ ತೆಗೆದೆ. ತೆನೆಯನ್ನು 90 ಕೆಬಿಗೆ ಇಳಿಸಿದೆ. ಹಾರುವ ಅಕ್ಷರಗಳು ಹೋದದ್ದಕ್ಕೆ ಮೇಷ್ಟ್ರಿಗೆ ಬೇಸರವಾಯಿತು.

ರಾತ್ರಿ ತಮ್ಮನೇ ಫೋನ್ ಮಾಡಿದ. "ಈಗ ಥಟ್ಟನೆ ಬಂತು. ಆದರೆ ಸೋನಾ ಮಸೂರಿಯ ಬೆಲೆ ತಪ್ಪು ಹಾಕಿದ್ದೀಯ."