ಅಸಲು ಬಂದರೆ ಸಾಕು ಎನ್ನುವವರ ರಿಸ್ಕ್

"ನನಗೆ ರಿಸ್ಕ್ ಎಲ್ಲ ಆಗಿಬರಲ್ಲ" ಎನ್ನುವ ಹೂಡಿಕೆದಾರರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಸುಳ್ಳು ಹೇಳುತ್ತಾರೆ ಅಂತಲ್ಲ. ಅವರ ಖಾತೆ ಬೇರೆಯೇ ಕಥೆ ಹೇಳುತ್ತದೆ. ನಾಲ್ಕು ಕಾಸು ಲಾಭ ಕಂಡ ಷೇರನ್ನು ಅವಸರದಲ್ಲಿ ಮಾರಿರುತ್ತಾರೆ. ಅರ್ಧಕ್ಕರ್ಧ ಬಿದ್ದಿರುವುದನ್ನು ಮಾತ್ರ "ಅಸಲು ಬರಲಿ, ಮಾರ್ತೀನಿ" ಅಂತ ವರ್ಷಗಟ್ಟಲೆ ಇಟ್ಟುಕೊಂಡಿರುತ್ತಾರೆ. ಸಾಲದ್ದಕ್ಕೆ ಆವರೇಜ್ ಮಾಡುವ, ಅಂದರೆ ಬಿದ್ದ ಬೆಲೆಗೆ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸುವ ನೆಪದಲ್ಲಿ ಅದಕ್ಕೇ ಇನ್ನಷ್ಟು ದುಡ್ಡು ಸುರಿದಿರುತ್ತಾರೆ. ಇದು ಹೆದರುವವರು ಮಾಡುವ ಕೆಲಸವಾ?

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಇದನ್ನು ಬಹಳ ಸರಳವಾಗಿ ತೋರಿಸಿದರು. ಖಚಿತವಾಗಿ 3000 ಬೇಕಾ, ಇಲ್ಲ 4000 ಸಿಗುವ ಶೇ. 80ರಷ್ಟು ಸಾಧ್ಯತೆ ಬೇಕಾ? ಎರಡನೆಯದರ ಸರಾಸರಿ 3200, ಅಂದರೆ ಲೆಕ್ಕದಲ್ಲಿ ಅದೇ ಮೇಲು. ಆದರೂ ಶೇ. 80 ಮಂದಿ ಕೈಗೆ ಸಿಗುವ 3000 ಸಾಕು ಎಂದರು. ಆಮೇಲೆ ಅದನ್ನೇ ನಷ್ಟಕ್ಕೆ ತಿರುಗಿಸಿ ಕೇಳಿದರು. ಖಚಿತವಾಗಿ 3000 ಕಳೆದುಕೊಳ್ಳುತ್ತೀರಾ, ಇಲ್ಲ 4000 ಹೋಗುವ ಶೇ. 80ರ ಸಾಧ್ಯತೆಗೆ ಒಪ್ಪುತ್ತೀರಾ? ಈಗ ಶೇ. 92 ಮಂದಿ ಜೂಜಿಗೇ ಇಳಿದರು. ಈ ಸಲ ಲೆಕ್ಕ ಜೂಜಿನ ವಿರುದ್ಧ ಇತ್ತು!

ಅಂದರೆ ಧೈರ್ಯಸ್ಥರು, ಪುಕ್ಕಲರು ಅಂತ ಎರಡು ಜಾತಿಯ ಹೂಡಿಕೆದಾರರಿಲ್ಲ. ಲಾಭದಲ್ಲಿದ್ದಾಗ ಪುಕ್ಕಲರಾಗುವವರೇ ನಷ್ಟದಲ್ಲಿ ಜೂಜುಕೋರರಾಗುತ್ತಾರೆ. ಲಾಭವೋ ನಷ್ಟವೋ ಅಂತ ತೀರ್ಮಾನಿಸುವುದು ನಾವು ಕೊಂಡ ಬೆಲೆ. ಆ ಕಂಪನಿಯ ನಾಳೆಗೂ ಆ ಬೆಲೆಗೂ ಏನು ಸಂಬಂಧ ಹೇಳಿ? 100ಕ್ಕೆ ಕೊಂಡಿದ್ದು 50ಕ್ಕೆ ಬಿದ್ದರೆ, ಅಸಲು ಬರಲು ಅದು ದುಪ್ಪಟ್ಟಾಗಬೇಕು. ಬೇರೆ ಯಾವುದಾದರೂ ಷೇರು ದುಪ್ಪಟ್ಟಾಗುತ್ತದೆ ಅಂತ ಯಾರಾದರೂ ಹೇಳಿದರೆ ಇವರೇ ನಗುತ್ತಾರೆ.

ಬಿದ್ದದ್ದನ್ನೆಲ್ಲ ಮಾರಿಬಿಡಿ ಅಂತ ನಾನು ಹೇಳುತ್ತಿಲ್ಲ. ಕಂಪನಿ ಚೆನ್ನಾಗಿದ್ದರೆ ಇಟ್ಟುಕೊಳ್ಳಲು ಅದೇ ಕಾರಣ ಸಾಕು. "ಲಾಸ್ ಬುಕ್ ಮಾಡೋಕೆ ಮನಸ್ಸು ಬರ್ತಿಲ್ಲ" ಅನ್ನುವುದು ಕಾರಣವೇ ಅಲ್ಲ.

ಇನ್ನು ಎಷ್ಟು ರಿಸ್ಕ್ ತಡೆದುಕೊಳ್ಳುತ್ತೀರಿ ಅಂತ ಕೇಳಿ ಹೂಡಿಕೆ ಸಲಹೆಗಾರರು ತುಂಬಿಸುವ ಆ ರಿಸ್ಕ್ ಫಾರ್ಮ್. ಮಾರುಕಟ್ಟೆ ಏರುವಾಗ ತುಂಬಿದರೆ ಯಾರು ತಾನೇ ಪುಕ್ಕಲರು? ಫಾರ್ಮ್ ಬದಿಗಿಟ್ಟು ಹಳೇ ವಹಿವಾಟಿನ ಪಟ್ಟಿ ಕೇಳಬೇಕು. ಏನನ್ನು ಬೇಗ ಮಾರಿದ್ದಾರೆ, ಏನನ್ನು ತಬ್ಬಿಕೊಂಡು ಕೂತಿದ್ದಾರೆ, ಎಲ್ಲವೂ ಅಲ್ಲೇ ಇರುತ್ತದೆ.

ಹೂಡಿಕೆದಾರರ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ಪ್ರಾಧ್ಯಾಪಕ ಟೆರನ್ಸ್ ಓಡಿಯನ್ ಹಾಗೇ ಮಾಡಿದರು. ಅಲ್ಲಿನ ಒಂದು ಬ್ರೋಕರೇಜ್ (ಷೇರು ದಲ್ಲಾಳಿ) ಸಂಸ್ಥೆಯ 10,000 ಖಾತೆಗಳ 1987ರಿಂದ 1993ರವರೆಗಿನ ವಹಿವಾಟು ತೆಗೆದು ನೋಡಿದರು. ಜನ ಮಾರಿದ ಲಾಭದ ಷೇರುಗಳು, ಇಟ್ಟುಕೊಂಡ ನಷ್ಟದ ಷೇರುಗಳಿಗಿಂತ ಮುಂದಿನ ಒಂದು ವರ್ಷದಲ್ಲಿ ಸರಾಸರಿ ಶೇ. 3.4ರಷ್ಟು ಜಾಸ್ತಿ ಗಳಿಸಿದ್ದವು. ನನಗೆ ಅದಕ್ಕಿಂತ ಮಜಾ ಅನಿಸಿದ್ದು ಡಿಸೆಂಬರ್ ತಿಂಗಳ ಲೆಕ್ಕ. ಆ ತಿಂಗಳು ಮಾತ್ರ ಜನ ನಷ್ಟದ ಷೇರುಗಳನ್ನು ಧಾರಾಳವಾಗಿ ಮಾರಿದ್ದರು. ಡಿಸೆಂಬರ್‌ಗೆ ಅಲ್ಲಿನ ತೆರಿಗೆ ವರ್ಷ ಮುಗಿಯುವುದರೊಳಗೆ ನಷ್ಟ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಬೇಕಿತ್ತಲ್ಲ. ಹನ್ನೊಂದು ತಿಂಗಳು ಬಾರದ ಮನಸ್ಸು ತೆರಿಗೆ ಅಂದ ಕೂಡಲೇ ಬಂತು.