ಚಿಕ್ಕಪ್ಪನ ಯೆಜ್ಡಿಗೆ ಸೀಗೆಪುಡಿ

ಹಳೇ ಗಾಡಿಗೆ ಪೇಂಟ್ ಮಾಡಿಸ್ತೀನಿ ಅಂದರೆ ಎಲ್ಲರೂ ಕೇಳುವುದು ಒಂದೇ, "ಯಾವ ಬಣ್ಣ?" ತೊಳೆಯೋರು ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಚಿಕ್ಕಪ್ಪನ ಯೆಜ್ಡಿ ಬೈಕ್ ವಿಷಯದಲ್ಲೂ ಹಾಗೇ ಆಯಿತು. ಕಪ್ಪೋ ಮರೂನೋ ಅಂತ ಮನೆಯಲ್ಲಿ ದಿನಗಟ್ಟಲೆ ಚರ್ಚೆ. ಈಗಿರುವ ಬಣ್ಣ ಯಾವುದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಜಿಡ್ಡು ಅಷ್ಟು ದಪ್ಪಗೆ ಕೂತಿತ್ತು.

ಯೆಜ್ಡಿ ನಮ್ಮ ಮೈಸೂರಿನದೇ ಗಾಡಿ. 1961ರಲ್ಲಿ ಜಾವಾ ಗಾಡಿಗಳಿಂದ ಶುರುವಾಗಿ ಆಮೇಲೆ ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಗಾಡಿ ಮೇಲಿನ ಪ್ರೀತಿ ಮುಚ್ಚಲಿಲ್ಲ, ಹಾಗಾಗಿ ಅದು ಎಷ್ಟು ಎಣ್ಣೆ ಕಾರಿದರೂ ಇಲ್ಲಿ ಯಾರೂ ಬೈಯುವುದಿಲ್ಲ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಜೊತೆ ಆಯಿಲ್ ಬೆರೆಸಿಯೇ ಹಾಕಬೇಕು. ಉರಿಯದೆ ಉಳಿದ ಆಯಿಲ್ ಎರಡೂ ಸೈಲೆನ್ಸರಿನಿಂದ ಕಪ್ಪಗೆ ತೊಟ್ಟಿಕ್ಕುತ್ತದೆ. ಚೈನಿಗೆ ಪೂರ್ತಿ ಮುಚ್ಚಿದ ಕವರ್ ಬೇರೆ, ಅದರೊಳಗೆ ಯಾವ ಕಾಲದ ಗ್ರೀಸೋ ದೇವರೇ ಬಲ್ಲ. ಅದರ ಮೇಲೆ ಧೂಳು, ಧೂಳಿನ ಮೇಲೆ ವರ್ಷ ವರ್ಷದ ಆಯುಧಪೂಜೆಯ ಅರಿಶಿನ ಕುಂಕುಮ. ಮಡ್‌ಗಾರ್ಡ್ ಒಳಗೆ ಕೆರೆದರೆ ಪದರ ಪದರವಾಗಿ ಬಂತು. ನಡುವೆ ಒಂದು ಚೆಂಡುಹೂವಿನ ಎಸಳೂ ಇತ್ತು, ಯಾವ ದಸರಾದ್ದೋ.

ಪೇಂಟರ್ ಬಂದು ನೋಡಿ ಹೇಳಿದ್ದು ಇಷ್ಟೇ. "ಸಾರ್, ಮೊದಲು ಜಿಡ್ಡು ತೆಗೆದು ಕೊಡಿ. ವಾಟರ್ ಪೇಪರ್ ಉಜ್ಜೋದು ಆಮೇಲೆ." ವಾಟರ್ ಪೇಪರ್ ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್. ಜಿಡ್ಡಿರುವಾಗಲೇ ಉಜ್ಜಿದರೆ ಅದು ಮಾಡಿದ ಗೀರುಗಳೊಳಗೆ ಎಣ್ಣೆ ಸೇರಿಕೊಂಡುಬಿಡುತ್ತದೆ, ಆಮೇಲೆ ಎಬ್ಬಿಸುವುದು ಕಷ್ಟ.

ಅಲ್ಲಿಂದ ಶುರುವಾಯಿತು ನೋಡಿ ಸಲಹೆಗಳ ಮಳೆ. ಪಕ್ಕದ ಮನೆ ಅಂಕಲ್ "ಪೆಟ್ರೋಲ್ ಸುರೀರಿ, ಎರಡೇ ನಿಮಿಷ" ಅಂದರು. ಅಷ್ಟು ಹೇಳುವಾಗಲೂ ಅವರ ಬಾಯಲ್ಲಿ ಬೀಡಿ ಹೊಗೆಯಾಡುತ್ತಿತ್ತು. ಚಿಕ್ಕಮ್ಮ ಪೆಟ್ರೋಲ್ ಕ್ಯಾನನ್ನು ಹಿತ್ತಲಿಗೂ ಅಂಕಲ್ಲನ್ನು ಗೇಟಿಗೂ ಕಳಿಸಿದರು. ಎದುರು ಮನೆಯವರದು ಕಾಸ್ಟಿಕ್ ಸೋಡಾ, ಅದೇ ಸಿಂಕ್ ಕಟ್ಟಿಕೊಂಡಾಗ ಹಾಕುವುದು. ಅದು ಇಂಜಿನ್ನಿನ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಬುಸ್ ಅಂತ ನೊರೆಯೇಳುತ್ತದೆ, ಜೊತೆಗೆ ಬೆಂಕಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುವ ಹೈಡ್ರೋಜನ್ ಬೇರೆ. ಬೀಡಿ ಅಂಕಲ್ ಇನ್ನೂ ಗೇಟಿನಲ್ಲೇ ನಿಂತಿದ್ದರು.

ಕೊನೆಗೆ ಗೆದ್ದಿದ್ದು ಎಲ್ಲೋ ಅಟ್ಟದ ಮೇಲೆ ಉಳಿದಿದ್ದ ಸೀಮೆಎಣ್ಣೆ. ದಪ್ಪ ಗ್ರೀಸ್ ಅದಕ್ಕೆ ಚೆನ್ನಾಗಿ ಕರಗುತ್ತದೆ, ನಿಜ. ಗಾಡಿ ಫಳಫಳ ಹೊಳೆಯಿತು. "ಆಯ್ತಲ್ಲ!" ಅಂತ ಚಿಕ್ಕಪ್ಪ ಕಾಫಿಗೆ ಕೂತರು. ಹೊಳೆಯುತ್ತಿದ್ದದ್ದು ಸೀಮೆಎಣ್ಣೆಯ ಪಸೆ ಅಂತ ಹೇಳುವಷ್ಟರಲ್ಲಿ ಕಾಫಿ ಲೋಟಕ್ಕೂ ಅದೇ ಹೊಳಪು ಬಂದಿತ್ತು. ಜಿಡ್ಡು ಅನ್ನುವುದು ಎಲ್ಲಿಗೂ ಹೋಗುವುದಿಲ್ಲ, ಸುಮ್ನೆ ಮನೆ ಬದಲಿಸುತ್ತದೆ. ಗಾಡಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ನಲ್ಲಿಗೆ, ನಲ್ಲಿಯಿಂದ ಬಾಗಿಲ ಚಿಲಕಕ್ಕೆ, ಅಲ್ಲಿಂದ ಟಿವಿ ರಿಮೋಟಿಗೆ. ನೆಂಟರು ಬಂದಾಗ ಮಾತ್ರ ಹೊರಗೆ ತೆಗೆಯುವ ಬಿಳಿ ಟವೆಲ್ಲಿನ ಕಥೆ ಬೇಡ ಬಿಡಿ, ಚಿಕ್ಕಮ್ಮ ಇನ್ನೂ ಮರೆತಿಲ್ಲ.

ಟವೆಲ್ ಕಂಡ ಮೇಲೆ ಅವರೇ ಅಂಗಳಕ್ಕೆ ಇಳಿದರು, ಕೈಯಲ್ಲಿ ಸೀಗೆಪುಡಿ ಡಬ್ಬ. "ತಲೆಗೆ ಹಾಕಿದ ಹರಳೆಣ್ಣೆ ಹೋಗುತ್ತಂತೆ, ಇದು ಹೋಗಲ್ವೇನ್ರೀ?" ನಕ್ಕವರೆಲ್ಲ ಆಮೇಲೆ ಸುಮ್ಮನಾದರು. ಸೀಗೆಯಲ್ಲಿ ನೊರೆ ಬರಿಸುವ ಅಂಶ ಇದೆ, ಸೀಮೆಎಣ್ಣೆಯ ಪಸೆಯನ್ನು ತಕ್ಕಮಟ್ಟಿಗೆ ಎತ್ತಿತು. ಉಳಿದದ್ದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು, ತೆಂಗಿನ ನಾರು. ಆಮೇಲೆ ಪೇಂಟ್ ಅಂಗಡಿಯ ಗ್ರೀಸ್ ರಿಮೂವರ್. ಅದಕ್ಕೆ ಎರಡು ಬಟ್ಟೆ ಬೇಕು, ಒಂದರಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದರಲ್ಲಿ ಒರೆಸಬೇಕು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಈ ಕಡೆಯ ಜಿಡ್ಡನ್ನು ಆ ಕಡೆಗೆ ಹಚ್ಚಿದಂತೆ.

ಪೇಂಟರ್ ಟ್ಯಾಂಕ್ ಮೇಲೆ ನೀರು ಸುರಿದು ನೋಡಿದರು. ನೀರು ಹನಿ ಹನಿಯಾಗಿ ಒಡೆದರೆ ಜಿಡ್ಡಿದೆ ಅಂತ, ಒಂದೇ ಹಾಳೆಯಾಗಿ ಹರಡಿದರೆ ಇಲ್ಲ ಅಂತ. ಹರಡಿತು. ಎಲ್ಲರಿಗೂ ಖುಷಿ. ಉಜ್ಜಿ, ಪ್ರೈಮರ್ ಹೊಡೆದು, ಮಾರನೇ ದಿನ ಮರೂನ್ ಹೊಡೆದರೆ ಟ್ಯಾಂಕಿನ ನೆತ್ತಿಯ ಮೇಲೆ ಪುಟ್ಟ ಪುಟ್ಟ ಗುಳಿಗಳು! ಪೇಂಟ್ ಅಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದು ನಿಂತಿತ್ತು. ಪೇಂಟರ್ ಬಗ್ಗಿ ನೋಡಿದರು. ಗುಳಿಗಳು ಸಾಲಾಗಿದ್ದವು. ಒಂದು ಅಂಗೈ, ಐದು ಬೆರಳು.

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಅವರು ಬೆಳಿಗ್ಗೆ ತಲೆಗೆ ಕೊಬ್ಬರಿಎಣ್ಣೆ ತಟ್ಟಿಕೊಂಡು, ಬಾಚಿಕೊಂಡು, ಪ್ರೀತಿಯಿಂದ ಟ್ಯಾಂಕ್ ಸವರಿ ಹೋಗಿದ್ದರು. "ನಲವತ್ತು ವರ್ಷದಿಂದ ಸವರ್ತಿದ್ದೀನಪ್ಪ, ಒಂದು ದಿನವೂ ಹೀಗಾಗಿಲ್ಲ" ಅಂದರು.

ಪೇಂಟರ್ ಏನೂ ಹೇಳಲಿಲ್ಲ. ಆರಿದ ಮೇಲೆ ಮತ್ತೆ ಒರೆಸಿ, ಉಜ್ಜಿ, ಎರಡನೇ ಸಲ ಹೊಡೆಯಲು ದಿನ ಗೊತ್ತು ಮಾಡಿದರು. ಹೋಗುವಾಗ ಚಿಕ್ಕಮ್ಮನ ಕಡೆ ನೋಡಿ, "ಅಮ್ಮಾ, ಆ ಪುಡಿ ಇನ್ನೂ ಉಳಿದಿದ್ರೆ ಅವತ್ತು ಬೆಳಿಗ್ಗೆ ಸಾರ್ ತಲೆಗೂ ಸ್ವಲ್ಪ ಹಾಕಿ" ಅಂದರು.