ಪ್ಯಾಚಿಗೊಂದು ಪ್ಯಾಚು, ಅದಕ್ಕೊಂದು ಪ್ಯಾಚು

2018ರ ಜನವರಿ 3ರಂದು ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್‌ನಿಂದ ಗುಟ್ಟು ಸೋರಿಸುವ ಲೋಪಗಳು ಬಯಲಾದವು. ಅಷ್ಟೊತ್ತಿಗಾಗಲೇ ನಾಮಕರಣ ಮುಗಿದು ಲೋಗೋ ಕೂಡ ತಯಾರಾಗಿತ್ತು: ಒಂದಕ್ಕೆ ಕರಗುವ ಗುರಾಣಿ, ಇನ್ನೊಂದಕ್ಕೆ ಕೋಲು ಹಿಡಿದ ದೆವ್ವ. ಪರಿಹಾರ ಮಾತ್ರ ಅರೆಬೆಂದಿತ್ತು.

ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಅಮೆರಿಕದ ಸರ್ಟ್ ಸಮನ್ವಯ ಕೇಂದ್ರ ಮೊದಲು ಕೊಟ್ಟ ಸಲಹೆ ‘ಸಿಪಿಯು (ಅಂದರೆ ಪ್ರೊಸೆಸರ್) ಬದಲಿಸಿ’ ಎಂದು. ಯಾವುದಕ್ಕೆ ಬದಲಿಸುವುದು? ಇಂಟೆಲ್, ಎಎಂಡಿ, ಎಆರ್‌ಎಂ ಈ ಮೂವರ ಪ್ರೊಸೆಸರುಗಳಿಗೂ ಸ್ಪೆಕ್ಟರ್ ಮೆತ್ತಿಕೊಂಡಿತ್ತು. ಬಚಾವಾದದ್ದು ಅಂಗೈಯಗಲದ ಅಗ್ಗದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. ಬ್ಯಾಂಕಿನ ಸರ್ವರ್ ಕಿತ್ತು ಅದನ್ನು ಕೂರಿಸಬಹುದಿತ್ತು. ಸ್ವಲ್ಪದರಲ್ಲೇ ಸಲಹೆ ‘ಅಪ್‌ಡೇಟ್ ಹಾಕಿಕೊಳ್ಳಿ’ ಎಂದಾಯಿತು. ಇಂಟೆಲ್ ಇನ್ನೂ ಉದಾರಿ: ಇದನ್ನು ದೋಷ ಅನ್ನಬೇಡಿ, ಇದರಿಂದ ಮಾಹಿತಿ ಅಳಿಯುವುದಿಲ್ಲ, ಬದಲಾಗುವುದಿಲ್ಲ ಎಂದಿತು. ಕಳ್ಳ ಓದಿಕೊಂಡು ಹೋಗುತ್ತಾನೆ, ಅಷ್ಟೇ ತಾನೆ!

ಓದುವುದಾದರೂ ಹೇಗೆ? ಹುಡುಗಿ ಒಪ್ಪುವ ಮೊದಲೇ ಛತ್ರ ಹಿಡಿದು ಅಡುಗೆಯವರಿಗೆ ಪಟ್ಟಿ ಕೊಡುವ ಬೀಗರ ಹಾಗೆ, ಪ್ರೊಸೆಸರ್ ಅನುಮತಿ ಖಾತ್ರಿಯಾಗುವ ಮುಂಚೆಯೇ ಮುಂದಿನ ಕೆಲಸ ಮಾಡಿಟ್ಟಿರುತ್ತದೆ. ಸಂಬಂಧ ಮುರಿದರೆ ಮದುವೆ ರದ್ದು. ಪಟ್ಟಿ ಅಡುಗೆಯವರ ಜೇಬಿನಲ್ಲೇ ಉಳಿಯುತ್ತದೆ. ಆ ಜೇಬೇ ಕ್ಯಾಶ್, ಪ್ರೊಸೆಸರಿನ ಪಕ್ಕದಲ್ಲೇ ಇರುವ ಚಿಕ್ಕ, ಚುರುಕು ಮೆಮೊರಿ. ಮೆಲ್ಟ್‌ಡೌನ್‌ನಲ್ಲಿ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಒಂದು ಬೈಟನ್ನು 4096ರಿಂದ ಗುಣಿಸಿ, ತಲಾ 4096 ಬೈಟಿನ 256 ಮೆಮೊರಿ ಪುಟಗಳ ಪೈಕಿ ಆ ಸಂಖ್ಯೆಯ ಪುಟವನ್ನು ಮುಟ್ಟಿಸುತ್ತಾರೆ. ಆಮೇಲೆ ಎಲ್ಲ ಪುಟಗಳಿಗೂ ಗಡಿಯಾರ ಹಿಡಿದರೆ, ಬೇಗ ಬಂದ (ಅಂದರೆ ಆಗಲೇ ಕ್ಯಾಶ್ ಸೇರಿದ್ದ) ಪುಟದ ಸಂಖ್ಯೆಯೇ ಗುಟ್ಟು.

ಇನ್ನು ಪ್ಯಾಚುಗಳ, ಅಂದರೆ ಲೋಪ ಮುಚ್ಚುವ ತೇಪೆಗಳ ಮೆರವಣಿಗೆ. ವಿಂಡೋಸ್ ಅಪ್‌ಡೇಟ್ ಬರಬೇಕಾದರೆ ಆಂಟಿವೈರಸ್ ಮೊದಲು ವಿಂಡೋಸ್ ಸೆಟ್ಟಿಂಗುಗಳ ಕಡತವಾದ ರೆಜಿಸ್ಟ್ರಿಯಲ್ಲಿ ಒಂದು ಕೀ ಬರೆದು ಒಪ್ಪಿಗೆ ಕೊಡಬೇಕಿತ್ತು. ವಿಂಡೋಸ್ 7ರಲ್ಲಿ ಆಂಟಿವೈರಸ್ಸೇ ಇಲ್ಲದವರು ಅದರ ಪರವಾಗಿ ತಾವೇ ಬರೆದುಕೊಳ್ಳಬೇಕಿತ್ತು. ಹಾಕಿದ ಮೇಲೆ ಕೆಲವು ಹಳೆಯ ಎಎಂಡಿ ಯಂತ್ರಗಳು ಬೂಟ್ ಆಗುವುದನ್ನೇ ಬಿಟ್ಟವು. (ಆನ್ ಆಗದ ಕಂಪ್ಯೂಟರಿನಿಂದ ಯಾರೂ ಏನೂ ಕದಿಯಲಾರರು, ಅದು ಒಪ್ಪತಕ್ಕದ್ದೇ.) ಇಂಟೆಲ್‌ನ ಮೈಕ್ರೋಕೋಡ್‌ನಿಂದ (ಪ್ರೊಸೆಸರಿನ ಒಳಗಿನ ಸಾಫ್ಟ್‌ವೇರ್ ತೇಪೆಯಿಂದ) ಅದರದ್ದೇ ಹ್ಯಾಸ್ವೆಲ್, ಬ್ರಾಡ್‌ವೆಲ್ ಪ್ರೊಸೆಸರಿನ ಯಂತ್ರಗಳು ತಾವಾಗಿಯೇ ರೀಬೂಟ್ ಆಗತೊಡಗಿ, ಜನವರಿ 22ಕ್ಕೆ ‘ಹಾಕಬೇಡಿ’ ಎಂಬ ಆಜ್ಞೆ ಹೊರಟಿತು. ಬೆನ್ನಿಗೇ ಮೈಕ್ರೋಸಾಫ್ಟ್, ಹಾಕಿದ ರಕ್ಷಣೆಯನ್ನು ಆಫ್ ಮಾಡುವುದಕ್ಕೆಂದೇ ಇನ್ನೊಂದು ಅಪ್‌ಡೇಟ್ ಬಿಟ್ಟಿತು.

ಕಿರೀಟ ಸಲ್ಲಬೇಕಾದದ್ದು ಮಾತ್ರ 64 ಬಿಟ್ ವಿಂಡೋಸ್ 7ರ ಜನವರಿ ಪ್ಯಾಚಿಗೆ. ಮೆಮೊರಿ ಪುಟಗಳ ಪಟ್ಟಿಯಾದ ಪೇಜ್ ಟೇಬಲ್‌ನ ಒಂದು ಅನುಮತಿ ಬಿಟ್ ತಪ್ಪಿ, ಎಲ್ಲ ಪ್ರೋಗ್ರಾಮುಗಳಿಗೂ ಮೆಮೊರಿಯ ಬಾಗಿಲು ತೆರೆದುಕೊಂಡಿತು. ಮೆಲ್ಟ್‌ಡೌನ್ ಸೆಕೆಂಡಿಗೆ ಐನೂರು ಚಿಲ್ಲರೆ ಕಿಲೋಬೈಟ್ ಕದ್ದರೆ ಹೆಚ್ಚು. ಪ್ಯಾಚ್ ಹಾಕಿಕೊಂಡ ವಿಧೇಯರ ಯಂತ್ರದಲ್ಲಿ ಗಿಗಾಬೈಟ್ ಲೆಕ್ಕ. ಅದೂ ಬರೀ ಓದುವುದಲ್ಲ, ಬರೆಯಲೂಬಹುದು!

ಇಷ್ಟೆಲ್ಲದರ ನಡುವೆ ಜಗತ್ತು ಕೇಳಿದ್ದು ಒಂದೇ ಪ್ರಶ್ನೆ: ನನ್ನ ಗೇಮ್ ಎಷ್ಟು ನಿಧಾನವಾಗುತ್ತದೆ? ಮೆಲ್ಟ್‌ಡೌನ್ ಪ್ಯಾಚಿನ ಸುಂಕ ಬೀಳುವುದು ಪ್ರೋಗ್ರಾಮು ಕರ್ನಲ್ ಹೊಸ್ತಿಲು ದಾಟಿದಾಗಲೆಲ್ಲ. ಡೇಟಾಬೇಸ್, ಚಿಕ್ಕ ಚಿಕ್ಕ ಫೈಲುಗಳ ಓದು-ಬರಹ ಸೊರಗುವುದು ಅದಕ್ಕೇ. ಗೇಮು ಆ ಹೊಸ್ತಿಲನ್ನು ಅಷ್ಟಾಗಿ ತುಳಿಯುವುದಿಲ್ಲ, ಆದರೂ ಗಂಟಲು ಹರಿದುಕೊಂಡವರು ಗೇಮರುಗಳೇ.

ಅವರ ಅಳಲಿಗೆ 2019ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 5.2 ಆವೃತ್ತಿ ಮದ್ದು ಕೊಟ್ಟಿತು: ಬೂಟ್ ಆಗುವಾಗಿನ ಆದೇಶದ ಸಾಲಿನಲ್ಲಿ ‘ಮಿಟಿಗೇಷನ್ಸ್=ಆಫ್’ ಎಂದು ಬರೆದರೆ ರಕ್ಷಣೆಗಳೆಲ್ಲ ಒಂದೇ ಏಟಿಗೆ ಮಾಯ. 2022ರಲ್ಲಿ ಎಎಂಡಿಯ ಹೊಸ ಪ್ರೊಸೆಸರ್ ಸಾಲು ರೈಜನ್ 7000 ಬಂತು. ಅದರ ಮೇಲೆ ಹೀಗೆ ಆಫ್ ಮಾಡಿ ಅಳೆದಾಗ ಹಲವು ಪರೀಕ್ಷೆಗಳಲ್ಲಿ ವೇಗ ಏರುವ ಬದಲು ಇಳಿಯಿತು. ಸಲಹೆ ಕೊಡುವವರು ಇಂದಿಗೂ ‘ಆಫ್ ಮಾಡಿ ನೋಡಿ, ಹಾರುತ್ತೆ’ ಎನ್ನುತ್ತಲೇ ಇದ್ದಾರೆ.